ಯಾನವೂ ಋಣವೂ

ಮತ್ಸ್ಯಪುರಾಣದ ಪ್ರಯಾಗಮಾಹಾತ್ಮ್ಯದಲ್ಲಿ ಒಂದು ಕಟುವಾದ ಮಾತುಂಟು: ಐಶ್ವರ್ಯದಿಂದಲೋ ಲೋಭದಿಂದಲೋ ಮೋಹದಿಂದಲೋ ವಾಹನವನ್ನೇರಿ ತೀರ್ಥಕ್ಕೆ ಹೋಗತಕ್ಕವನಿಗೆ ಆ ತೀರ್ಥವು ನಿಷ್ಫಲವಾಗುತ್ತದೆ, ಆದುದರಿಂದ ಯಾತ್ರಿಕನಾದವನು ವಾಹನವನ್ನು ವರ್ಜಿಸತಕ್ಕದ್ದು. ಧರ್ಮನಿಬಂಧಕಾರರು ಉದ್ಧರಿಸುವ ಮತ್ತೊಂದು ವಚನವಂತೂ ಇದನ್ನು ಶಾನುಭೋಗರ ಖಾತೆಯ ಶಿಸ್ತಿಗೇ ಇಳಿಸಿಬಿಟ್ಟಿದೆ. ವಾಹನವು ಯಾತ್ರಾಫಲದ ಅರ್ಧವನ್ನು ಅಪಹರಿಸುತ್ತದೆ. ಛತ್ರಿ ಮತ್ತು ಪಾದರಕ್ಷೆಗಳು ಅದರಲ್ಲಿ ಅರ್ಧದಷ್ಟನ್ನು. ಮಾರ್ಗದಲ್ಲಿ ಮಾಡಿದ ವ್ಯಾಪಾರವು ಮುಕ್ಕಾಲು ಪಾಲನ್ನು. ಪ್ರತಿಗ್ರಹವು, ಎಂದರೆ ಪರರಿಂದ ದಾನವನ್ನು ಸ್ವೀಕರಿಸುವುದು, ಸಮಸ್ತವನ್ನೂ. ಪ್ರಯಾಗಕ್ಕೆ ಮಾತ್ರವೇ ಈ ನಿಷೇಧವೋ, ಸರ್ವತೀರ್ಥಗಳಿಗೂ ಅನ್ವಯಿಸುವುದೋ ಎಂದು ನಮ್ಮ ಹಿರಿಯರು ವಾದಮಾಡಿದರೇ ಹೊರತು, ಯಾನದ ಆಯ್ಕೆಯು ಧರ್ಮವಿಚಾರಕ್ಕೆ ಹೊರಗಾದುದೆಂದು ಅವರಲ್ಲಿ ಯಾರೂ ಭಾವಿಸಲಿಲ್ಲ.

ನಾವಾದರೋ ಹಾಗೆ ಭಾವಿಸುತ್ತೇವೆ. ಮಕ್ಕಳು ದಡಸೇರಿ, ನಿವೃತ್ತಿಯ ಹಣ ಕೈಗೆ ಬಂದು, ಜೀವಮಾನದಲ್ಲೊಮ್ಮೆ ಸ್ವಿಟ್ಸರ್‌ಲೆಂಡಿನ ಹಿಮಗಿರಿಗಳನ್ನು ನೋಡಿಬರೋಣವೆಂದು ಸಂಕಲ್ಪಿಸಿದ ದಂಪತಿಗಳ ಮುಂದೆ ಪ್ರವಾಸದ ದಲ್ಲಾಳಿಯು ಬಣ್ಣದ ಕಾಗದಗಳನ್ನು ಹರಡಿ, ಕಾರಿನಲ್ಲಿ ಹೋದರೆ ಇಷ್ಟು ಸ್ವಾತಂತ್ರ್ಯ, ರೈಲಿನಲ್ಲಾದರೆ ಇಷ್ಟು ದೃಶ್ಯವೈಭವ, ಆಕಾಶಮಾರ್ಗದಲ್ಲಾದರೆ ಇಷ್ಟು ಕಾಲದ ಉಳಿತಾಯ ಎಂದು ವಿವರಿಸುವಾಗ, ಪ್ರಶ್ನೆಯು ಕಾಲ, ಹಣ, ಸುಖ ಎಂಬ ಮೂರು ಅಂಕಣಗಳಲ್ಲಿ ಮುಗಿದುಹೋಗುತ್ತದೆ. ವಿಹಾರವೆಂಬುದು ತೀರ್ಥಯಾತ್ರೆಯಲ್ಲ, ಆಲ್ಪ್ಸ್ ಪರ್ವತವು ಪ್ರಯಾಗವಲ್ಲ, ಪುಣ್ಯವನ್ನೇ ಬಯಸದವನಿಗೆ ಪುಣ್ಯನಾಶದ ಭಯವೆಲ್ಲಿಯದು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸುಲಭವಾಗಿ ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಹಾಗೆ ನೋಡಿದರೆ ಬೌಧಾಯನ ಧರ್ಮಸೂತ್ರವು ಪತನಕ್ಕೆ ಕಾರಣವಾಗುವ ಕರ್ಮಗಳನ್ನೆಣಿಸುವಾಗ ಸಮುದ್ರಯಾನವನ್ನೇ ಮೊದಲಿಗಿಟ್ಟಿದೆ; ಸಾಗರದಾಚೆಗೆ ಹೊರಟವನೊಡನೆ ವಾಹನದ ಸೂಕ್ಷ್ಮಗಳನ್ನು ಚರ್ಚಿಸುವುದಕ್ಕೆ ಆ ಸೂತ್ರಕಾರನು ಕುಳಿತುಕೊಳ್ಳುತ್ತಲೂ ಇರಲಿಲ್ಲ. ಆ ನಿಷೇಧವನ್ನು ಕಾಲವು ಸವೆಸಿಹಾಕಿತು. ಸವೆಸಿದ್ದು ಒಳ್ಳೆಯದೇ ಆಯಿತು. ಆದರೆ ಒಂದು ನಿಷೇಧವು ಅಳಿದಾಗ ಅದರ ಹಿಂದಿದ್ದ ಶಂಕೆಯೂ ಅದರೊಡನೆ ಅಳಿಯಬೇಕೆಂಬ ನಿಯಮವೇನೂ ಇಲ್ಲ. ಮತ್ಸ್ಯಪುರಾಣದ ಶಂಕೆಯು ಯಾವುದು?

ವಾಹನದಲ್ಲೇ ದೋಷವಿದೆಯೆಂಬ ಮಾತು ನಮ್ಮ ದರ್ಶನಗಳ ಪ್ರವೃತ್ತಿಗೆ ಒಗ್ಗುವುದಿಲ್ಲ. ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ರೂಪಿಸುವಾಗ ಆತ್ಮನನ್ನು ಕೂರಿಸಿದ್ದು ರಥದೊಳಗೇ. ರಥವನ್ನಿಳಿದು ನಡೆ ಎಂದು ಅದು ಹೇಳಲಿಲ್ಲ. ನಡಿಗೆಯ ಕಷ್ಟವೇ ಪುಣ್ಯವೆನ್ನುವುದಾದರೆ ಹೊರೆಹೊತ್ತು ಘಟ್ಟವೇರುವ ಕೂಲಿಯವನು ನಮ್ಮಲ್ಲೆಲ್ಲ ಪುಣ್ಯವಂತನಾಗಬೇಕಾಗಿತ್ತು. ಪುರಾಣವು ದೂಷಿಸುವುದು ಯಾನವನ್ನಲ್ಲ, ಯಾನಕ್ಕೆ ಪ್ರೇರಕವಾದ ಐಶ್ವರ್ಯಭಾವವನ್ನು ಎಂದು ನಾನು ಗ್ರಹಿಸುತ್ತೇನೆ. ಮುದುಕನನ್ನೂ ರೋಗಿಯನ್ನೂ ಹೊತ್ತೊಯ್ಯುವ ಡೋಲಿಗೆ ಈ ಶಾಪವು ತಗಲಲಾರದು. ಹಾಗಾದರೆ ಐಶ್ವರ್ಯವು ಪಥಿಕನಿಂದ ಕಸಿದುಕೊಳ್ಳುವುದೇನು? ಶತಪಥಬ್ರಾಹ್ಮಣವನ್ನು ತೆರೆದರೆ ಉತ್ತರದ ಸುಳಿವು ಸಿಕ್ಕುತ್ತದೆ. ಹುಟ್ಟಿದ ಪ್ರತಿಯೊಬ್ಬನೂ ಋಣಿಯಾಗಿಯೇ ಹುಟ್ಟುತ್ತಾನೆಂದು ಹೇಳುವ ಆ ಗ್ರಂಥವು, ದೇವಋಣ ಋಷಿಋಣ ಪಿತೃಋಣಗಳೆಂಬ ಸರ್ವವಿದಿತವಾದ ಮೂರಕ್ಕೆ ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸಿ, ಅನ್ನವನ್ನೂ ಆಶ್ರಯವನ್ನೂ ನೀಡುವುದರಿಂದ ಅದು ತೀರುತ್ತದೆಂದು ವಿಧಿಸುತ್ತದೆ. ಮನೆಯಲ್ಲಿರುವವನು ಈ ಋಣವನ್ನು ತೀರಿಸುತ್ತಾನೆ. ದಾರಿಯಲ್ಲಿರುವವನು ಅದನ್ನು ಮಾಡಿಕೊಳ್ಳುತ್ತಾನೆ. ಪ್ರತಿಗ್ರಹದಿಂದ ಯಾತ್ರಾಫಲವೆಲ್ಲವೂ ಹೋಗುತ್ತದೆಂದು ಹೇಳಿದವರು, ಪಡೆದದ್ದರ ಭಾರವನ್ನು ಎಷ್ಟು ಗಂಭೀರವಾಗಿ ಎಣಿಸಿದ್ದರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಡೆದುಹೋಗುವವನಿಗೆ ನೀರು ಕೊಟ್ಟವಳು, ಜಗಲಿ ಬಿಟ್ಟುಕೊಟ್ಟವನು, ಹೊಳೆ ದಾಟಿಸಿದ ಅಂಬಿಗನು, ಹುಲಿಯಿದೆಯೆಂದು ಎಚ್ಚರಿಸಿದ ದನಗಾಹಿ, ಇವರೆಲ್ಲ ಹೆಜ್ಜೆಹೆಜ್ಜೆಗೂ ಪ್ರತ್ಯಕ್ಷವಾಗಿ ನಿಲ್ಲುತ್ತಾರೆ; ತಾನು ಋಣಿಯೆಂಬುದನ್ನು ಮರೆಯುವುದಕ್ಕೆ ಅವನಿಗೆ ಅವಕಾಶವೇ ಇಲ್ಲ. ಐಶ್ವರ್ಯವೆಂಬುದು, ಎಲ್ಲಕ್ಕೂ ಮುಂಗಡವಾಗಿ ಬೆಲೆ ತೆತ್ತಿರುವುದರಿಂದ ತಾನು ಯಾರಿಗೂ ಏನೂ ಕೊಡಬೇಕಾಗಿಲ್ಲವೆಂಬ ಭ್ರಾಂತಿ. ಈ ಭ್ರಾಂತಿಯನ್ನು ಯಾವ ಯಾನವು ಹೆಚ್ಚಿಸುತ್ತದೆ, ಯಾವುದು ತಡೆಯುತ್ತದೆ ಎಂಬುದೇ ವಿಹಾರಕ್ಕೆ ಹೊರಟವನೂ ಕೇಳಿಕೊಳ್ಳತಕ್ಕ ಪ್ರಶ್ನೆಯೆಂದು ನನಗೆ ತೋರುತ್ತದೆ.

ಸ್ವಿಟ್ಸರ್‌ಲೆಂಡು ಈ ಪರೀಕ್ಷೆಗೆ ಹೇಳಿಮಾಡಿಸಿದ ದೇಶ. ಅಲ್ಲಿ ಒಂದೇ ಪರ್ವತವನ್ನು ನಾಲ್ಕಾರು ಬಗೆಯಲ್ಲಿ ದಾಟಬಹುದು, ಮತ್ತು ಪ್ರತಿಯೊಂದು ಬಗೆಗೂ ಅದರದೇ ಆದ ಖಾತೆಪುಸ್ತಕವಿದೆ. ಉತ್ತರದ ಜರ್ಮನ್ ನುಡಿಯ ನಾಡನ್ನು ದಕ್ಷಿಣದ ಇಟಾಲಿಯನ್ ನುಡಿಯ ನಾಡಿನೊಡನೆ ಕೂಡಿಸುವ ಗೊಥಾರ್ಡ್ ಕಣಿವೆಮಾರ್ಗವನ್ನು ನೋಡಿರಿ. ಕಣಿವೆಗೆ ಹೆಸರು ಬಂದದ್ದು ಒಬ್ಬ ಸಂತನಿಂದ. ಆದರೆ ಅದರ ಕೆಳಗಿನ ಕಮರಿಯಲ್ಲಿ ರಾಯ್ಸ್ ನದಿಯ ಮೇಲಿರುವ ಸೇತುವೆಗೆ ಹೆಸರು ಬಂದದ್ದು ಸೈತಾನನಿಂದ. ಊರಿ ಪ್ರಾಂತ್ಯದ ಜನರು ಹೇಳುವ ಕಥೆಯಂತೆ, ಮನುಷ್ಯರ ಕೈಯಲ್ಲಾಗದ ಆ ಸೇತುವೆಯನ್ನು ಸೈತಾನನು ಕಟ್ಟಿಕೊಟ್ಟನು, ಮೊದಲು ದಾಟಿದವನ ಜೀವವನ್ನು ತನಗೆ ಒಪ್ಪಿಸತಕ್ಕದ್ದೆಂಬ ಕರಾರಿನ ಮೇಲೆ. ಸೇತುವೆ ಮುಗಿದ ದಿನ ಹಳ್ಳಿಗರು ಒಂದು ಹೋತವನ್ನು ಮುಂದಕ್ಕೆ ಅಟ್ಟಿದರು. ವಂಚಿತನಾದ ಸೈತಾನನು ಸೇತುವೆಯನ್ನು ಒಡೆಯಲು ಹೊತ್ತುತಂದ ಬಂಡೆಯನ್ನು ಒಬ್ಬ ಮುದುಕಿಯು ಶಿಲುಬೆಯ ಗುರುತಿನಿಂದ ತಡೆದಳಂತೆ. ಆ ಬಂಡೆಯು ಈಗಲೂ ಇದೆ; 1970ರ ದಶಕದಲ್ಲಿ ಕಾರುಗಳ ಹೆದ್ದಾರಿಗೆ ಅಡ್ಡವಾಯಿತೆಂದು ಅದನ್ನು ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಸಾಲ ಕೊಟ್ಟವನನ್ನು ಹೋತ ಕೊಟ್ಟು ಸಾಗಹಾಕಿದವರ ವಂಶದವರು ಅವನ ಸಾಕ್ಷಿಕಲ್ಲನ್ನೂ ಪಕ್ಕಕ್ಕೆ ತಳ್ಳಿದರೆಂದು ನಗಬಹುದು. ಆದರೆ ದಾಟುವಿಕೆಗೆ ಯಾರಾದರೊಬ್ಬರು ಜೀವದಿಂದ ಬೆಲೆ ತೆರಬೇಕು, ಆ ಯಾರಾದರೊಬ್ಬರು ಸಾಮಾನ್ಯವಾಗಿ ದಾಟುವವನಲ್ಲ ಎಂಬ ಅರಿವು ಆ ಹಳ್ಳಿಗರ ಕಥೆಯಲ್ಲಿ ಇರುವಷ್ಟು ಸ್ಪಷ್ಟವಾಗಿ ಯಾವ ಪ್ರವಾಸದ ಕೈಪಿಡಿಯಲ್ಲಿಯೂ ಇಲ್ಲ.

ಕಥೆಯು ಮುಂದೆ ಚರಿತ್ರೆಯಾಯಿತು. 1872ರಲ್ಲಿ ಪ್ರಾರಂಭವಾಗಿ 1882ರಲ್ಲಿ ರೈಲಿಗೆ ತೆರೆದ 15 ಕಿಲೋಮೀಟರುಗಳ ಗೊಥಾರ್ಡ್ ಸುರಂಗವನ್ನು ಕೊರೆದವರಲ್ಲಿ ಬಹುಮಂದಿ ಇಟಲಿಯಿಂದ ಬಂದ ಬಡ ಕೂಲಿಗಳು. ಸಿಡಿಮದ್ದಿನಿಂದಲೂ ಕುಸಿತದಿಂದಲೂ ಗಾಡಿಗಳ ಕೆಳಗೆ ಸಿಲುಕಿಯೂ ಸತ್ತವರು ಸುಮಾರು 200 ಮಂದಿ. ಸುರಂಗದ ಬಿಸಿಲಿಲ್ಲದ ಕೆಸರಿನಲ್ಲಿ ಹರಡಿದ ಕೊಕ್ಕೆಹುಳುವಿನ ರೋಗದಿಂದ ರಕ್ತಹೀನರಾಗಿ ಊರಿಗೆ ಮರಳಿ ನವೆದವರು ಆ ಲೆಕ್ಕಕ್ಕೆ ಸೇರಿಲ್ಲ. 1875ರಲ್ಲಿ ಗೋಶೆನೆನ್ ಗ್ರಾಮದಲ್ಲಿ ಕೆಲಸ ನಿಲ್ಲಿಸಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿ ನಾಲ್ವರು ಮಡಿದರು. ಕೆಲಸದ ಗುತ್ತಿಗೆ ಹಿಡಿದಿದ್ದ ಜಿನೀವಾದ ಲೂಯಿ ಫಾವ್ರ್ ಎಂಬಾತನು 1879ರಲ್ಲಿ ಸುರಂಗದೊಳಗೇ ಹೃದಯಾಘಾತದಿಂದ ಕುಸಿದು ಸತ್ತನು. ಮರುವರ್ಷ ಉತ್ತರ ದಕ್ಷಿಣಗಳ ಕೊರೆತಗಳು ಸಂಧಿಸಿ ಕಲ್ಲಿನಲ್ಲಿ ಮೊದಲ ರಂಧ್ರವು ತೆರೆದಾಗ, ಈಚೆಯ ಕೆಲಸಗಾರರು ಒಂದು ತಗಡಿನ ಪೆಟ್ಟಿಗೆಯಲ್ಲಿ ಅವನ ಭಾವಚಿತ್ರವನ್ನಿಟ್ಟು ಆಚೆಯವರಿಗೆ ದಾಟಿಸಿದರು. ಪರ್ವತವನ್ನು ಮೊದಲು ದಾಟತಕ್ಕವನು ಅವನೇ ಎಂಬುದು ಅವರ ನಿರ್ಣಯವಾಗಿತ್ತು. ಹೋತವನ್ನು ಅಟ್ಟಿದ ಹಳ್ಳಿಗರಿಗೂ ಮೃತನ ಪಟವನ್ನು ಮುಂದಿಟ್ಟ ಕೂಲಿಗಳಿಗೂ ನಡುವೆ ಇರುವ ಅಂತರವನ್ನು ನಾನು ಧರ್ಮದ ಅಂತರವೆಂದು ಕರೆಯುತ್ತೇನೆ. ಫಾವ್ರನು ಅವರಿಗೆ ದಯಾಮಯನಾದ ಯಜಮಾನನೇನೂ ಆಗಿರಲಿಲ್ಲ. ಆದರೂ ಮೊದಲ ಹೆಜ್ಜೆ ಯಾರ ಸ್ವತ್ತೆಂಬುದನ್ನು ಅವರು ಅರಿತಿದ್ದರು. ಶಿಲ್ಪಿ ವಿಂಚೆಂಜೋ ವೇಲಾ, ಸತ್ತ ಸಂಗಾತಿಯನ್ನು ಚಟ್ಟದ ಮೇಲೆ ಹೊತ್ತು ತರುತ್ತಿರುವ ಸುರಂಗದ ಕೆಲಸಗಾರರ ಉಬ್ಬುಶಿಲ್ಪವೊಂದನ್ನು ರಚಿಸಿದನು. ಅದರ ಕಂಚಿನ ಎರಕವು ಸುರಂಗದ ದಕ್ಷಿಣದ್ವಾರದಲ್ಲಿರುವ ಐರೋಲೋ ನಿಲ್ದಾಣದ ಬಳಿ, 1932ರಲ್ಲಿ, ಸುರಂಗದ ಐವತ್ತನೆಯ ವರ್ಷದಲ್ಲಿ ಸ್ಥಾಪಿತವಾಯಿತು.

ಈಗ ಯೋಚಿಸಿರಿ. ಹಳೆಯ ರೈಲುಮಾರ್ಗದಲ್ಲಿ ಹೋಗತಕ್ಕ ಪ್ರಯಾಣಿಕನು ಈ ಸುರಂಗವನ್ನು ಸೇರುವ ಮೊದಲು ವಾಸೆನ್ ಎಂಬ ಹಳ್ಳಿಯನ್ನು ಹಾಯುತ್ತಾನೆ. ಏರು ಅತಿ ಕಡಿದಾದುದರಿಂದ ಹಳಿಗಳು ಪರ್ವತದೊಳಗೆ ಸುತ್ತಿಸುತ್ತಿ ಮೇಲೇರುತ್ತವೆ. ಅದರ ಫಲವಾಗಿ ಗುಡ್ಡದ ಮೇಲಣ ಬಿಳಿಯ ಚರ್ಚೊಂದು ಒಮ್ಮೆ ತಲೆಯ ಮೇಲೆ, ಒಮ್ಮೆ ಕಣ್ಣಿನ ಸಮಕ್ಕೆ, ಒಮ್ಮೆ ಕಾಲಡಿಯಲ್ಲಿ, ಹೀಗೆ ಮೂರು ಸಲ ಕಾಣಿಸಿಕೊಳ್ಳುತ್ತದೆ. ನಮ್ಮವರು ಕಂಡರೆ ಇದನ್ನು ಪ್ರದಕ್ಷಿಣೆಯೆನ್ನದೆ ಬಿಡಲಾರರು. ಇಂಜಿನಿಯರುಗಳು ಉದ್ದೇಶಿಸದೆಯೇ ವಿಧಿಸಿದ ಪ್ರದಕ್ಷಿಣೆ. ಏರಬೇಕಾದರೆ ಸುತ್ತಬೇಕು, ಸುತ್ತುವಾಗ ಬಿಟ್ಟುಬಂದ ತಾಣವು ಮತ್ತೆ ಮತ್ತೆ ಎದುರಾಗಬೇಕು ಎಂಬುದನ್ನು ಶರೀರವೇ ಅಲ್ಲಿ ಅನುಭವಿಸುತ್ತದೆ. ಇದರ ಕೆಳಗೆ, ಪರ್ವತದ ಬುಡದಲ್ಲಿಯೇ ನೇರವಾಗಿ ಹಾಯುವ 57 ಕಿಲೋಮೀಟರುಗಳ ಹೊಸ ಸುರಂಗವನ್ನು 2016ರಲ್ಲಿ ತೆರೆದರು. ಅದರಲ್ಲಿ ಹೋದವನು ಇಪ್ಪತ್ತು ನಿಮಿಷಗಳಷ್ಟು ಕತ್ತಲೆಯ ಅನಂತರ ಬೇರೊಂದು ಭಾಷೆಯ, ಬೇರೊಂದು ಬಿಸಿಲಿನ ನಾಡಿನಲ್ಲಿ ಕಣ್ಣುಬಿಡುತ್ತಾನೆ. ನಡುವೆ ಒಂದು ಪರ್ವತವಿತ್ತೆಂಬುದು ಅವನಿಗೆ ಊಹೆಯ ವಿಷಯ. ಆ ಸುರಂಗದ ಉದ್ಘಾಟನೆಗೆ ಪಾದ್ರಿಯೂ ಯೆಹೂದಿ ಗುರುವೂ ಇಮಾಮನೂ ಬಂದು ಆಶೀರ್ವಚನವನ್ನಿತ್ತರು. ಕೆಲಸದಲ್ಲಿ ಮಡಿದ ಒಂಬತ್ತು ಮಂದಿಯ ಸ್ಮರಣೆಯೂ ನಡೆಯಿತು. ಸುರಂಗ ತೋಡುವವರ ರಕ್ಷಕಿಯೆಂದು ಭಾವಿತಳಾದ ಸಂತ ಬಾರ್ಬರಾಳ ಪ್ರತಿಮೆಯು ಬಹುಕಾಲದಿಂದ ಅವರ ಕತ್ತಲೆಗೆ ಕಾವಲಾಗಿತ್ತು. ಕಟ್ಟಿದವರ ಕಡೆಯಿಂದ ಧರ್ಮಕ್ಕೆ ಲೋಪವೇನೂ ಬರಲಿಲ್ಲ. ಲೋಪವು ಬರುವುದಾದರೆ ನಮ್ಮ ಕಡೆಯಿಂದ, ಮೆತ್ತೆಯ ಆಸನದಲ್ಲಿ ಕುಳಿತು ಸುರಂಗವು ಬೇಗನೆ ಮುಗಿಯಲೆಂದು ಕೈಗಡಿಯಾರವನ್ನು ನೋಡುವವರ ಕಡೆಯಿಂದ.

ರೈಲಿನ ಪಕ್ಷಪಾತಿಯೆಂದು ನನ್ನನ್ನು ಯಾರಾದರೂ ದೂರಿದರೆ ಒಪ್ಪಿಕೊಳ್ಳುತ್ತೇನೆ. ಆದರೆ ರೈಲು ಸಹ ಐಶ್ವರ್ಯಭಾವದಿಂದ ಹೊರತಲ್ಲ. ಝರ್ಮಾಟಿನಿಂದ ಸೇಂಟ್ ಮೊರಿಟ್ಸಿಗೆ 1930ರಿಂದ ಓಡುತ್ತಿರುವ ಗ್ಲೇಶರ್ ಎಕ್ಸ್‌ಪ್ರೆಸ್ಸಿನ ಖ್ಯಾತಿಯನ್ನು ಯಾರು ಕೇಳಿಲ್ಲ! ಸುಮಾರು ಎಂಟು ಗಂಟೆಗಳ ಆ ದಾರಿಯಲ್ಲಿ 291 ಸೇತುವೆಗಳೂ 91 ಸುರಂಗಗಳೂ ಇದ್ದು, ಒಬೆರಾಲ್ಪ್ ಕಣಿವೆಯಲ್ಲಿ ಅದು 2033 ಮೀಟರುಗಳ ಎತ್ತರವನ್ನು ಮುಟ್ಟುತ್ತದೆ. ಲೋಕದ ಅತ್ಯಂತ ನಿಧಾನವಾದ ಎಕ್ಸ್‌ಪ್ರೆಸ್ಸೆಂದು ಅದರವರೇ ಹೆಮ್ಮೆಯಿಂದ ಸಾರುತ್ತಾರೆ. ನಿಧಾನವೂ ಮಾರಾಟದ ವಸ್ತುವಾದೀತೆಂಬುದು ನಮ್ಮ ಎತ್ತಿನ ಗಾಡಿಯ ಕಾಲದವರಿಗೆ ತಿಳಿದಿದ್ದರೆ ಎಷ್ಟು ಸಿರಿವಂತರಾಗುತ್ತಿದ್ದರೋ! ಆದರೆ ಈ ಗಾಡಿಗೆ ಹೆಸರನ್ನಿತ್ತ ಹಿಮನದಿಯು ಗಾಡಿಯಿಂದ ಈಗ ಕಾಣುವುದಿಲ್ಲವೆಂಬುದನ್ನು ಬಲ್ಲವರು ಕಡಿಮೆ. ಮೊದಲು ಹಳಿಯು ಫುರ್ಕಾ ಕಣಿವೆಯ ಮೇಲೆ ರೋನ್ ಹಿಮನದಿಯ ಇದಿರಿನಲ್ಲಿ ಹಾದುಹೋಗುತ್ತಿತ್ತು. ಹಿಮಪಾತದ ಭಯದಿಂದ ಬೇಸಗೆಯಲ್ಲಿ ಮಾತ್ರ ಸಂಚಾರ. 1982ರಲ್ಲಿ ಕೆಳಗೆ ಸುರಂಗವಾಯಿತು. ವರ್ಷವೆಲ್ಲ ಓಡುವ ಸೌಕರ್ಯ ಬಂದಿತು. ಹಿಮನದಿಯ ದರ್ಶನವು ತಪ್ಪಿತು. ಅನುಪಯುಕ್ತವೆಂದು ಬಿಟ್ಟ ಮೇಲಣ ಹಳಿಯನ್ನು ಸಂಬಳವಿಲ್ಲದ ಸ್ವಯಂಸೇವಕರು ದಶಕಗಳ ಕಾಲ ತುಂಡುತುಂಡಾಗಿ ಸರಿಪಡಿಸಿ, ಹಳೆಯ ಉಗಿಬಂಡಿಗಳನ್ನು ದುರಸ್ತಿಮಾಡಿ, 2010ರ ಹೊತ್ತಿಗೆ ದಾರಿಯನ್ನು ಸಂಪೂರ್ಣವಾಗಿ ತೆರೆದರು. ಬೇಸಗೆಯಲ್ಲಿ ಈಗಲೂ ಓಡಿಸುತ್ತಾರೆ. ಒಂದೆಡೆ, ಆ ಎಕ್ಸ್‌ಪ್ರೆಸ್ಸಿನ ಅತ್ಯುನ್ನತ ದರ್ಜೆಯಲ್ಲಿ, ಪ್ರತಿಯೊಬ್ಬನಿಗೂ ಕಿಟಕಿಯ ಪಕ್ಕದ ಆಸನ, ಹಲವು ಬಡಿಸುವಿಕೆಗಳ ಭೋಜನ, ತೆರೆಯಲಾಗದ ಗಾಜಿನ ವಿಶಾಲ ಗವಾಕ್ಷ. ಇನ್ನೊಂದೆಡೆ ಕಲ್ಲಿದ್ದಲ ಹೊಗೆ, ಮರದ ಬೆಂಚು, ಮೈಗೆ ಮಸಿ. ಸುಖವು ಮೊದಲನೆಯದರಲ್ಲಿ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡನೆಯದರಲ್ಲಿ ಕುಳಿತವನಿಗೆ ತನ್ನನ್ನು ಹೊತ್ತೊಯ್ಯುತ್ತಿರುವವರ ಮುಖವು ಕಾಣುತ್ತದೆ, ಅವರ ಕೈಗೆ ಕೊಟ್ಟ ಹಣವು ಅವರು ಕೊಟ್ಟದ್ದಕ್ಕೆ ಸಾಟಿಯಲ್ಲವೆಂಬುದು ತಾನಾಗಿಯೇ ಹೊಳೆಯುತ್ತದೆ. ಮೊದಲನೆಯದಕ್ಕೆ ಹಣವಿಲ್ಲದವನು ಮರುಗಬೇಕಾದುದೂ ಇಲ್ಲ, ಏಕೆಂದರೆ ಅದೇ ಹಳಿಯ ಮೇಲೆ ಶಾಲೆಯ ಮಕ್ಕಳೂ ತರಕಾರಿಯ ಚೀಲ ಹಿಡಿದ ಮುದುಕಿಯರೂ ಏರಿ ಇಳಿಯುವ ಸಾಮಾನ್ಯ ಗಾಡಿಗಳೂ ಓಡುತ್ತವೆ. ಪರ್ವತವು ದರ್ಜೆಯನ್ನು ನೋಡಿ ಮುಖ ತೋರಿಸುವುದಿಲ್ಲ.

ರಸ್ತೆಯ ವಿಷಯಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಬಾಡಿಗೆಯ ಕಾರಿನಲ್ಲಿ ಕುಳಿತವನು ತಾನೇ ರಥಿ, ತಾನೇ ಸಾರಥಿ. ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯವೇನೋ ಅವನಿಗಿದೆ, ಆದರೆ ತಿರುವುಗಳ ಮೇಲೆ ಕಣ್ಣಿಟ್ಟವನು ಗಿರಿಶೃಂಗವನ್ನು ನೋಡಲಾರ, ನೋಡಿದರೆ ಅದು ಅವನ ಕೊನೆಯ ದರ್ಶನವಾದೀತು. ಆ ದೇಶದವರು ರಸ್ತೆಯ ಮೇಲೂ ಐಶ್ವರ್ಯಕ್ಕೆ ಒಂದು ಅಂಕೆಯನ್ನಿಟ್ಟಿದ್ದಾರೆ, ಅದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಪರ್ವತಗಳ ಅಂಚೆರಸ್ತೆಗಳೆಂದು ಗುರುತುಮಾಡಿದ ಇಕ್ಕಟ್ಟಿನ ದಾರಿಗಳಲ್ಲಿ ಹಳದಿಯ ಅಂಚೆಬಸ್ಸು ಎದುರಾದರೆ, ಎಷ್ಟೇ ಬೆಲೆಬಾಳುವ ಕಾರಿನವನಾಗಲಿ ಬಸ್ಸಿನ ಚಾಲಕನು ಹೇಳಿದಂತೆ ಹಿಂದಕ್ಕೆ ಸರಿಯಬೇಕು, ದಾರಿ ಬಿಡಬೇಕು. ರೊಸ್ಸಿನಿಯ ವಿಲಿಯಂ ಟೆಲ್ ನಾಟಕಸಂಗೀತದಿಂದ ತೆಗೆದ ಮೂರು ಸ್ವರಗಳ ಕಹಳೆಯು ತಿರುವಿನಾಚೆಯಿಂದಲೇ ಆ ಅಧಿಕಾರವನ್ನು ಸಾರುತ್ತ ಬರುತ್ತದೆ. ಇನ್ನು ಝರ್ಮಾಟಿಗೆ ಹೊರಗಿನ ಕಾರುಗಳಿಗೆ ಪ್ರವೇಶವೇ ಇಲ್ಲ. ಐದು ಕಿಲೋಮೀಟರು ಈಚೆಗೆ ಅವನ್ನು ಬಿಟ್ಟು ಎಲ್ಲರೊಡನೆ ರೈಲು ಹತ್ತಬೇಕು. ಗುಡಿಯ ಮುಂದೆ ಪಾದರಕ್ಷೆ ಬಿಡುವ ನಮಗೆ ಇದರ ಔಚಿತ್ಯವನ್ನು ಬೋಧಿಸಬೇಕಾಗಿಲ್ಲ.

ಋಣದ ವಿಚಾರದಲ್ಲಿ ಆ ಪರ್ವತಗಳು ಕಂಡ ಅತ್ಯಂತ ಬೋಧಪ್ರದವಾದ ಪ್ರಕರಣವು ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಯದು. ಸುಮಾರು 2470 ಮೀಟರುಗಳ ಎತ್ತರದಲ್ಲಿ, ವರ್ಷದ ಬಹುಭಾಗ ಹಿಮದಲ್ಲಿ ಹೂತಿರುವ ಆ ನೆತ್ತಿಯ ಮೇಲೆ ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಬರ್ನಾರ್ಡನೆಂಬ ಸಂತನು ಒಂದು ಆಶ್ರಯಸ್ಥಾನವನ್ನು ಕಟ್ಟಿಸಿದನು. ಸಂತ ಅಗಸ್ಟೀನನ ನಿಯಮವನ್ನು ಅನುಸರಿಸುವ ಸಂನ್ಯಾಸಿಗಳು ಅಲ್ಲಿ ವಾಸವಾಗಿದ್ದು, ದಾರಿತಪ್ಪಿದವರನ್ನು ಹುಡುಕಿ ತಂದು ಅನ್ನಾಶ್ರಯಗಳನ್ನಿತ್ತು ಸಲಹುವುದನ್ನೇ ತಮ್ಮ ಉಪಾಸನೆಯನ್ನಾಗಿ ಮಾಡಿಕೊಂಡರು. ಶತಪಥಬ್ರಾಹ್ಮಣದ ಹೆಸರನ್ನೇ ಕೇಳದವರು ಅದರ ನಾಲ್ಕನೆಯ ಋಣವನ್ನು ಸಾವಿರ ವರ್ಷಗಳಿಂದ ತೀರಿಸುತ್ತ ಬಂದಿದ್ದಾರೆ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ನನು ಸುಮಾರು 40,000 ಸೈನಿಕರೊಡನೆ ಈ ಕಣಿವೆಯನ್ನು ದಾಟಿದನು. ಡೇವಿಡ್ ಎಂಬ ಚಿತ್ರಕಾರನು ಮುಂಗಾಲೆತ್ತಿ ನಿಂತ ಶ್ವೇತಾಶ್ವದ ಮೇಲೆ ಅವನನ್ನು ಚಿತ್ರಿಸಿದನು; ವಾಸ್ತವವಾಗಿ ಆ ವೀರನು ದಾಟಿದ್ದು ಸ್ಥಳೀಯನೊಬ್ಬನು ಲಗಾಮು ಹಿಡಿದು ನಡೆಸಿದ ಹೇಸರಗತ್ತೆಯ ಮೇಲೆ. ವಾಹನದ ಬಗೆಗೆ ಮನುಷ್ಯನ ಅಹಂಕಾರವು ಎಷ್ಟು ಹಳೆಯದು ನೋಡಿರಿ! ಕಣಿವೆಯ ಕೆಳಗಿನ ಬೂರ್ ಸೇಂಟ್ ಪಿಯೆರ್ ಎಂಬ ಚಿಕ್ಕ ಹಳ್ಳಿಯವರು ಸೈನ್ಯಕ್ಕಾಗಿ ಮರಗಳನ್ನು ಕಡಿದುಕೊಟ್ಟರು, ಕೊಪ್ಪರಿಗೆಗಳನ್ನು ಕೊಟ್ಟರು, ಫಿರಂಗಿಗಳನ್ನೆಳೆಯಲು ತಾವೇ ಹೆಗಲು ಕೊಟ್ಟರು. ಎಲ್ಲವನ್ನೂ ಸಲ್ಲಿಸುವೆನೆಂದು ಅವನು ಲಿಖಿತ ವಾಗ್ದಾನವನ್ನಿತ್ತನು, ಅದರಂತೆ ಸಲ್ಲಿಸಲಿಲ್ಲ. ಹಳ್ಳಿಯವರು ಆ ಪತ್ರವನ್ನು ತಲೆಮಾರಿನಿಂದ ತಲೆಮಾರಿಗೆ ಜೋಪಾನಮಾಡಿದರು. 1984ರಲ್ಲಿ ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಮಿತ್ತೆರಾನ್ ಸಾಂಕೇತಿಕವಾದ ಒಂದು ಕಂಚಿನ ಪದಕವನ್ನು ಅರ್ಪಿಸುವವರೆಗೆ ಆ ಬಾಕಿಯು ಮುಗಿಯಲಿಲ್ಲ. ವಿಚಿತ್ರವೇನೆಂದರೆ, ಲೆಕ್ಕವು ಉಳಿದುಕೊಂಡದ್ದು ಬೆಲೆ ಕಟ್ಟಿದ ಸಾಮಾನುಗಳಿಗೆ. ಮೇಲೆ ಸಂನ್ಯಾಸಿಗಳು ಸೈನಿಕರ ಕೈಗಿತ್ತ ರೊಟ್ಟಿಗೂ ಗಿಣ್ಣಿಗೂ ಇಂಥ ಪದಕವನ್ನು ಯಾರು ಎಲ್ಲಿಂದ ತಂದಾರು?

1964ರಲ್ಲಿ ಈ ಕಣಿವೆಯ ಕೆಳಗೂ ವಾಹನಗಳ ಸುರಂಗವು ಸಿದ್ಧವಾಯಿತು. ಚಳಿಗಾಲದಲ್ಲಿ ಆಶ್ರಯಸ್ಥಾನವನ್ನು ಸೇರಬೇಕಾದರೆ ಹಿಮದ ಮೇಲೆ ನಡೆದೇ ಹೋಗಬೇಕು. ಇಟಲಿಗೆ ಹೋಗತಕ್ಕವನಿಗೆ ಅದರ ಅವಶ್ಯಕತೆಯೇ ಉಳಿದಿಲ್ಲ. ಆಶ್ರಯದ ಅಗತ್ಯವು ಅಳಿದರೂ ಆತಿಥ್ಯದ ಪ್ರಶ್ನೆಯು ಉಳಿದಿದೆ. ಅತಿಥಿಯನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯೋಪನಿಷತ್ತು ವಿಧಿಸಿತಲ್ಲವೆ? ಆ ವಿಧಿಯನ್ನು ಅದು ಹೇಳಿದ್ದು ಗೃಹಸ್ಥನಾಗಲಿರುವ ಶಿಷ್ಯನ ಕಿವಿಯಲ್ಲಿ, ಬಾಗಿಲಿನ ಒಳಗೆ ನಿಂತವನಿಗೆ. ಬಾಗಿಲಿನ ಹೊರಗೆ ನಿಂತವನಿಗೆ ನೀನು ದೇವರೆಂದು ಅದು ಹೇಳಲಿಲ್ಲ. ಐಷಾರಾಮಿನ ಪ್ರವಾಸವು ಮಾಡುವ ಅಪಚಾರವೆಲ್ಲವೂ ಇಲ್ಲಿಯೇ ಇದೆಯೆಂದು ನನ್ನ ಎಣಿಕೆ: ಆತಿಥೇಯನಿಗೆ ವಿಧಿಸಿದ ಧರ್ಮವನ್ನು ಅತಿಥಿಯು ತನ್ನ ಹಕ್ಕಿನ ಪತ್ರವೆಂದು ಓದಿಕೊಳ್ಳುತ್ತಾನೆ, ಮತ್ತು ಹಾಸಿಗೆಯ ಮೇಲಿನ ಸುಕ್ಕಿಗೋ ಕಾಫಿಯ ತಣುವಿಗೋ ದೇವರಂತೆ ಕೋಪಿಸಿಕೊಳ್ಳುತ್ತಾನೆ.

ಇಷ್ಟರಿಂದ ನಾನು ಭೋಗವನ್ನೆಲ್ಲ ನಿಂದಿಸುತ್ತಿರುವೆನೆಂದು ಯಾರೂ ತಿಳಿಯಬಾರದು. 1896ರ ಬೇಸಗೆಯಲ್ಲಿ ಸ್ವಾಮಿ ವಿವೇಕಾನಂದರು ಸೇವಿಯರ್ ದಂಪತಿಗಳೇ ಮೊದಲಾದ ಆಂಗ್ಲ ಮಿತ್ರರ ಅತಿಥಿಗಳಾಗಿ ಇದೇ ಸ್ವಿಟ್ಸರ್‌ಲೆಂಡಿಗೆ ವಿಶ್ರಾಂತಿಗೆಂದು ಹೋದರು. ಅವಿಶ್ರಾಂತ ದುಡಿಮೆಯಿಂದ ಬಳಲಿದ್ದ ಆ ಸಂನ್ಯಾಸಿಯು ಜಿನೀವಾದ ವಸ್ತುಪ್ರದರ್ಶನದಲ್ಲಿ ಹಗ್ಗ ಕಟ್ಟಿ ಮೇಲಕ್ಕೆ ಬಿಡುತ್ತಿದ್ದ ಬೆಲೂನನ್ನು ಕಂಡು ಮಗುವಿನಂತೆ ಕುತೂಹಲಪಟ್ಟು, ಏರಿಯೇ ತೀರುವೆನೆಂದು ಹಟಮಾಡಿ, ಏರಿ ಸಂತೋಷಪಟ್ಟರು. ಮೆರ್ ದ ಗ್ಲಾಸ್ ಎಂಬ ಹಿಮನದಿಯನ್ನು ನೋಡಿದರು. ಆ ಬೆಟ್ಟಗಳ ದಾರಿಯಲ್ಲೊಂದು ಪುಟ್ಟ ಪ್ರಾರ್ಥನಾಮಂದಿರವು ಎದುರಾದಾಗ ಹೂಗಳನ್ನು ಆಯ್ದು, ಕ್ರೈಸ್ತನಲ್ಲದ ತಾನು ಅರ್ಪಿಸಿದರೆ ಯಾರಿಗಾದರೂ ನೋವಾದೀತೆಂದು ಶ್ರೀಮತಿ ಸೇವಿಯರರ ಕೈಯಿಂದ ಕನ್ಯಾಮರಿಯಳ ಪಾದಗಳಿಗೆ ಅವನ್ನು ಸಮರ್ಪಣೆ ಮಾಡಿಸಿದರೆಂದು ಅವರ ಜೀವನಚರಿತ್ರೆಯು ತಿಳಿಸುತ್ತದೆ. ಅವಳೂ ಜಗನ್ಮಾತೆಯೇ ಎಂಬುದು ಅವರ ಭಾವ. ಹಿಮಾಲಯದಲ್ಲಿಯೂ ಇಂಥದೊಂದು ತಪೋಭೂಮಿ ಇರಬೇಕೆಂಬ ಬಯಕೆಯು ಆ ಪ್ರವಾಸದಲ್ಲಿ ಅವರಲ್ಲಿ ಬಲಿತು, ಸೇವಿಯರ್ ದಂಪತಿಗಳ ಪ್ರಯತ್ನದಿಂದ 1899ರಲ್ಲಿ ಮಾಯಾವತಿಯ ಅದ್ವೈತಾಶ್ರಮವಾಗಿ ಫಲಿಸಿತು. ಬೆಲೂನನ್ನೇರಿದ್ದರಿಂದ ಅವರ ಯಾತ್ರೆಯ ಅರ್ಧಫಲವು ನಷ್ಟವಾಯಿತೆನ್ನಲು ಯಾವ ನಿಬಂಧಕಾರನಿಗೆ ಬಾಯಿ ಬಂದೀತು? ಪರಾನ್ನವನ್ನುಂಡು, ಪರರ ಹಣದಲ್ಲಿ ಸಂಚರಿಸಿ, ಪರಧರ್ಮದ ಗುಡಿಗೆ ಹೂವಿಟ್ಟು ಬಂದವರು ಅವರು. ಕೃತಜ್ಞತೆಯು ಆ ಪ್ರವಾಸದಲ್ಲಿ ಒಂದು ಗಳಿಗೆಯೂ ಅವರನ್ನು ಬಿಟ್ಟಿರಲಿಲ್ಲ.

ಉಳಿದದ್ದು ಆಕಾಶಮಾರ್ಗ. ಬೆಂಗಳೂರಿನವನು ಆಲ್ಪ್ಸ್ ಪರ್ವತಕ್ಕೆ ನಡೆದುಹೋಗಲಾರನಾದುದರಿಂದ ವಿಮಾನವು ಅವನಿಗೆ ಆಯ್ಕೆಯ ವಿಷಯವೇ ಅಲ್ಲವೆನ್ನಬಹುದು. ಅಲ್ಲಿಗೆ ತಲಪಿದ ಮೇಲೂ ಪುನಃ ಹಾರಬೇಕೆ ಎಂಬುದು ಮಾತ್ರ ಆಯ್ಕೆ. ಝರ್ಮಾಟಿನ ಹೆಲಿಕಾಪ್ಟರುಗಳು ಮ್ಯಾಟರ್‌ಹಾರ್ನ್ ಶಿಖರದ ಸುತ್ತ ವಿಹಾರಿಗಳನ್ನು ಸುತ್ತಿಸುತ್ತವೆ. ಅವೇ ಹಿಮದ ಬಿರುಕಿಗೆ ಬಿದ್ದ ಆರೋಹಿಗಳನ್ನು ಎತ್ತಿ ಆಸ್ಪತ್ರೆಗೆ ಸೇರಿಸುವುದೂ ಉಂಟು. ಯಾನವು ಒಂದೇ, ಅಧಿಕಾರವು ಬೇರೆ. ಇದರ ಜೊತೆಗೆ, ರೋನ್ ಹಿಮನದಿಯ ಅಂಚನ್ನು ಬೇಸಗೆಯಲ್ಲಿ ಕರಗದಂತೆ ಬಿಳಿಯ ಬಟ್ಟೆಗಳಿಂದ ಹೊದಿಸುತ್ತಿರುವ ಈ ಕಾಲದಲ್ಲಿ, ಹಾರಾಟದ ಹೊಗೆಯು ಆ ಕರಗುವಿಕೆಗೆ ತನ್ನ ಪಾಲನ್ನು ಸಲ್ಲಿಸುತ್ತಿದೆಯೆಂಬುದನ್ನು ಅರಿತೂ ಹಿಮವನ್ನು ನೋಡಲು ಹಾರುವವರು ನಾವು. ಪಿತೃಋಣವನ್ನು ಸಂತಾನದಿಂದ ತೀರಿಸಬೇಕೆಂದಿತು ಶ್ರುತಿ. ನಮ್ಮದು ಸಂತಾನದಿಂದಲೇ ತೆಗೆದ ಸಾಲ, ಅದನ್ನು ಕೇಳಲು ಸಾಲ ಕೊಟ್ಟವರು ಇನ್ನೂ ಹುಟ್ಟಿಲ್ಲ. ಹಾರಲೇಬೇಕಾದವನು ಒಂದೇ ಸಲ ಹೋಗಿ, ಬಹಳ ದಿನವಿದ್ದು, ಒಂದೇ ಕಣಿವೆಯನ್ನು ಚೆನ್ನಾಗಿ ನೋಡಿಬರಲಿ ಎಂದು ಹೇಳುವುದಕ್ಕಿಂತ ಹೆಚ್ಚಿನ ವ್ಯವಸ್ಥೆಯನ್ನು ಕೊಡಲು ನಾನು ಅಸಮರ್ಥ.

ಆದರೂ ವಿಮಾನದ ವಿಷಯದಲ್ಲಿ ನಮ್ಮ ಕವಿಗಳ ತೀರ್ಪು ಪುರಾಣದ ತೀರ್ಪಿಗಿಂತ ಉದಾರವಾದುದು. ವಾಲ್ಮೀಕಿಯ ಯುದ್ಧಕಾಂಡದ ಕೊನೆಯಲ್ಲಿಯೂ ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗದಲ್ಲಿಯೂ ರಾಮನು ಪುಷ್ಪಕವನ್ನೇರಿ ಸೀತೆಗೆ ಕೆಳಗಿನ ಲೋಕವನ್ನು ತೋರಿಸುತ್ತ ಬರುತ್ತಾನೆ. ಇದಕ್ಕಿಂತ ವೈಭವದ ವಿಹಾರಯಾನವು ಯಾವ ಸಾಹಿತ್ಯದಲ್ಲಿದ್ದೀತು! ಆದರೆ ಅವನು ತೋರಿಸುವುದೇನು? ಇಗೋ ಸೇತು, ಇಗೋ ಕಿಷ್ಕಿಂಧೆ, ಇಗೋ ಪಂಪೆಯ ತೀರ, ಅಲ್ಲಿ ನಿನ್ನನ್ನು ನೆನೆದು ಅತ್ತೆನು. ಇಗೋ ಜಟಾಯು ಮಡಿದ ಎಡೆ, ಇಗೋ ಅತ್ರಿಮುನಿಯ ಆಶ್ರಮ. ಕಾಲಿನಿಂದ ಅಳೆದ ನೆಲವನ್ನು ಅವನು ಕಣ್ಣಿನಿಂದ ಮತ್ತೊಮ್ಮೆ ಅಳೆಯುತ್ತಿದ್ದಾನೆ, ಒಬ್ಬೊಬ್ಬ ಸಾಲಿಗನನ್ನೂ ಹೆಸರು ಹಿಡಿದು ಕರೆಯುತ್ತಿದ್ದಾನೆ. ನಡೆಯದೆ ಹಾರಿದ್ದರೆ ಆ ವರ್ಣನೆಯು ಅಸಾಧ್ಯವಾಗಿತ್ತು, ಕೆಳಗಿರುವುದೆಲ್ಲ ಹಸುರು ನೀಲಿಗಳ ಹಾಸಾಗಿ ಉಳಿಯುತ್ತಿತ್ತು. ಆದುದರಿಂದ ಹೋಗುವಾಗ ಆದಷ್ಟೂ ನೆಲವನ್ನು ಹಿಡಿದೂ ಮರಳುವಾಗ ಬೇಕಾದರೆ ಆಕಾಶವನ್ನು ಹಿಡಿದೂ ಬರುವುದು ಉಚಿತವೆಂದು ನನ್ನ ಪಕ್ಷ. ಜೂರಿಕ್ಕಿನಿಂದ ಮೇಲೆದ್ದ ವಿಮಾನದ ಕಿಟಕಿಯಲ್ಲಿ ವಾಸೆನ್ನಿನ ಕಡೆಗೆ ಬೆರಳುಮಾಡಿ ಪಕ್ಕದವರಿಗೆ ಏನನ್ನಾದರೂ ಹೇಳಬಲ್ಲವನಿಗೆ ಆ ಯಾನವು ಸಲ್ಲುತ್ತದೆ. ವಾಲ್ಮೀಕಿಯ ಪುಷ್ಪಕದಲ್ಲಿ ರಾಮಸೀತೆಯರಿಬ್ಬರೇ ಕುಳಿತಿರಲಿಲ್ಲವೆಂಬುದನ್ನೂ ಮರೆಯಬಾರದು. ತಾವೂ ಬರುವೆವೆಂದ ವಾನರರಿಗೆಲ್ಲ ಅದರಲ್ಲಿ ಎಡೆಯಾಯಿತು. ಕಿಷ್ಕಿಂಧೆಯಲ್ಲಿ ಸೀತೆಯ ಕೋರಿಕೆಯಂತೆ ನಿಲ್ಲಿಸಿ ಅವರ ಹೆಂಡಿರನ್ನೂ ಹತ್ತಿಸಿಕೊಂಡರು. ಆ ವಿಮಾನವಾದರೂ ರಾಮನದಲ್ಲ, ರಾವಣನದೂ ಅಲ್ಲ. ಕುಬೇರನಿಂದ ರಾವಣನು ಕಸಿದು ತಂದದ್ದು. ಭರತನನ್ನು ಕಂಡು, ನಂದಿಗ್ರಾಮದಲ್ಲಿ ಇಳಿದ ಕೂಡಲೆ, ರಾಮನು ಅದನ್ನು ಅದರ ಒಡೆಯನ ಬಳಿಗೆ ಹಿಂದಿರುಗೆಂದು ಕಳುಹಿಸಿಬಿಟ್ಟನು.